ನಾಯಿ ನುಂಗಿದ್ದೇನು? ಕಂಡವರು ಬಾಯಿ ಬಿಡಿ!

ಪೇಟೆ ಬೀದಿಯಲ್ಲಿ ನಾಯಿ ವಾಂತಿ ಮಾಡಿದರೆ ಅದೂ ಒಂದು ಸುದ್ದಿಯೇ ಸ್ವಾಮಿ? ಅಂಗಡಿ ಮುಂದೆ ಕಕ್ಕಿದ್ದಕ್ಕೆ ಒಂದು ಕೊಡ ನೀರು ಸುರಿದು, "ಹಚಾ" ಎಂದು ಅಟ್ಟಿ, ಗಲ್ಲಾ ಪೆಟ್ಟಿಗೆ ಮುಂದೆ ಕೂತರೆ ಅಲ್ಲಿಗೆ ಮುಗಿಯಿತು. ಎರಡನೇ ದಿನ ಅದೇ ನಾಯಿ ಚರಂಡಿ ಚಪ್ಪಡಿ ಮೇಲೆ ಬೆನ್ನು ಗೂನು ಮಾಡಿಕೊಂಡು ನಿಂತಿರುತ್ತದೆ. ಮೂರನೇ ದಿನ ಎದುರಿಗೆ ಬನ್ನು ಹಾಕಿದರೂ ಮೂಸಿ ಮುಖ ತಿರುಗಿಸುತ್ತದೆ. ಆಮೇಲೊಂದು ಬೆಳಿಗ್ಗೆ ನಗರಸಭೆಯ ಕಸದ ಗಾಡಿ ಬಂದು ಎತ್ತಿಕೊಂಡು ಹೋಗುತ್ತದೆ. "ಯಾರೋ ವಿಷ ಹಾಕಿರಬೇಕು ಕಣ್ರೀ" ಅಂತ ಬೀದಿ ತೀರ್ಪು ಕೊಡುತ್ತದೆ.

ವಿಷ ಹಾಕುವ ಪುಣ್ಯಾತ್ಮರು ಊರಲ್ಲಿ ಇಲ್ಲವೇ ಇಲ್ಲ ಅಂತ ನಾವು ಹೇಳುವುದಿಲ್ಲ. ಆದರೆ ಹೀಗೆ ಸಾಯುವ ನಾಯಿಗಳಲ್ಲಿ ಕೆಲವಾದರೂ ಸಾಯುವುದು ವಿಷದಿಂದಲ್ಲ, ಹೊಟ್ಟೆಯಲ್ಲಿ ಸಿಕ್ಕಿಕೊಂಡ ಮಾಲಿನಿಂದ. ಮಾಲು ಎಲ್ಲಿಯದು? ನಮ್ಮದೇ! ಕೋಳಿ ಅಂಗಡಿಯ ರಕ್ತ ಹತ್ತಿದ ಕವರು, ಸಾಂಬಾರ್ ಪಾರ್ಸೆಲ್ಲಿನ ರಬ್ಬರ್ ಬ್ಯಾಂಡು, ಕಬಾಬಿನ ಬಿದಿರು ಕಡ್ಡಿ, ಮುಸುಕಿನ ಜೋಳದ ದಿಂಡು, ಮಾವಿನ ವಾಟೆ, ಟೈಲರ್ ಅಂಗಡಿ ಕಸದ ಜೊತೆ ಹೋದ ಸೂಜಿ ದಾರ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯಿಂದ ತೂರಿದ ಅರ್ಧ ತಿಂದ ಚಿತ್ರಾನ್ನದ ಪೊಟ್ಟಣವೂ ಇದೇ ಪಟ್ಟಿಗೆ ಸೇರಿದ್ದು. ಪೊಟ್ಟಣ ಬಿಚ್ಚಿ ಅನ್ನ ಮಾತ್ರ ತಿನ್ನು ಅಂತ ನಾಯಿಗೆ ಯಾರು ಹೇಳಿಕೊಟ್ಟಿದ್ದಾರೆ? ನಾಯಿ ಜಗಿಯುವ ಜಾತಿಯಲ್ಲ. ಪಕ್ಕದ ನಾಯಿ ಬರುವುದರೊಳಗೆ ಗುಳುಂ ಮಾಡುವ ಜಾತಿ.

ಇದನ್ನು ಬರೆಯುವುದಕ್ಕೆ ಕಾರಣವಿದೆ. ನಾಯಿಯ ಹೊಟ್ಟೆಯೊಳಗೆ ಏನಿದೆ ಅಂತ ಪತ್ತೆ ಮಾಡುವ ಮೊದಲ ಸಾಧನ ಎಕ್ಸ್‌ರೇ ಮಿಷನ್ನು ಅಂತ ನಾವೆಲ್ಲ ತಿಳಿದಿದ್ದೇವೆ. ಅದಲ್ಲ. ಮೊದಲ ಸಾಧನ ಅಂಗಡಿ ಕಟ್ಟೆ ಮೇಲೆ ಕೂತು ನೋಡಿದವನ ಬಾಯಿ. ಏನು ನುಂಗಿತು, ಯಾವಾಗ ನುಂಗಿತು. ಈ ಎರಡು ಮಾತಿಗೆ ಜವಾಬು ಸಿಕ್ಕರೆ ಡಾಕ್ಟರ ಅರ್ಧ ಕೆಲಸ ಆದ ಹಾಗೆ. ಬೀದಿನಾಯಿ ವಿಷಯದಲ್ಲಿ ಆ ಜವಾಬು ಹೇಳುವವನೇ ಇರುವುದಿಲ್ಲ. ನೋಡಿದವರು ಹತ್ತು ಜನ, ಹೇಳುವವನು ಸೊನ್ನೆ!

ಹಸುವಿನ ಲೆಕ್ಕ ನಾಯಿಗೆ ಬೇಡ

"ನಮ್ಮೂರ ದನಗಳು ಕೆಜಿಗಟ್ಟಲೆ ಪ್ಲಾಸ್ಟಿಕ್ ತಿಂದುಕೊಂಡು ಓಡಾಡ್ತಿಲ್ವೇ? ನಾಯಿಗೆ ಒಂದು ಕವರ್‌ನಿಂದ ಏನಾಗುತ್ತೆ?" ಅಂತ ಒಬ್ಬ ಕಿರಾಣಿ ಸಾಹುಕಾರರು ನಮ್ಮನ್ನೇ ಕೇಳಿದರು. ಸಾಹುಕಾರರು ಲೆಕ್ಕದಲ್ಲಿ ಗಟ್ಟಿಗರು. ಈ ಲೆಕ್ಕ ಮಾತ್ರ ತಪ್ಪು.

ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಮೊದಲ ಕೋಣೆಯೇ ಒಂದು ಉಗ್ರಾಣ. ಅದರಲ್ಲಿ ಪ್ಲಾಸ್ಟಿಕ್ ವರ್ಷಗಟ್ಟಲೆ ಬಿದ್ದಿರುತ್ತದೆ, ಹಸು ನಿಧಾನವಾಗಿ ಸೊರಗುತ್ತದೆ. ಅದೂ ಸಾವೇ, ತಡವಾಗಿ ಬರುವ ಸಾವು. ನಾಯಿಯದು ಒಂದೇ ಕೋಣೆ ಮನೆ. ಮುಂಬಾಗಿಲು ದೊಡ್ಡದು, ಹಿಂಬಾಗಿಲು ಕಿರಿದು. ನುಂಗಿದ ವಸ್ತು ಆ ಹಿಂಬಾಗಿಲಿಗೆ ಅಡ್ಡ ಕೂತರೆ ಕುಡಿದ ನೀರೂ ಕೆಳಗೆ ಇಳಿಯುವುದಿಲ್ಲ, ಎಲ್ಲ ವಾಪಸ್ಸು. ಹಿಂಬಾಗಿಲು ದಾಟಿ ಕರುಳಿನಲ್ಲಿ ಸಿಕ್ಕಿದರೆ ಇನ್ನೂ ಕೆಟ್ಟದ್ದು. ಕರುಳಿನ ಆ ಭಾಗಕ್ಕೆ ರಕ್ತ ಓಡುವುದು ನಿಂತು, ಕೊಳೆತು, ತೂತು ಬೀಳುವ ಅಪಾಯವಿದೆ.

ಹಾಗಂತ ನುಂಗಿದ ದಿನವೇ ಒದ್ದಾಡಬೇಕು ಅಂತೇನಿಲ್ಲ. ಹೊಟ್ಟೆಯಲ್ಲೇ ಉರುಳಾಡಿಕೊಂಡಿರುವ ವಾಟೆಯೋ ಚೆಂಡೋ ವಾರಗಟ್ಟಲೆ ಸುಮ್ಮನೆ ಇರಬಹುದು. ಇವತ್ತು ವಾಂತಿ, ನಾಳೆ ಸರಿ, ನಾಳಿದ್ದು ಮತ್ತೆ ವಾಂತಿ. ಉರುಳಿ ಬಾಗಿಲಿಗೆ ಬಂದಾಗ ವಾಂತಿ, ಸರಿದಾಗ ಸುಖ. ಇದನ್ನು ನೋಡಿಯೇ ನಮ್ಮವರು ಮೋಸ ಹೋಗುವುದು. "ನಿನ್ನೆ ಚೆನ್ನಾಗೇ ಇತ್ತಲ್ಲ!"

ಗರಿಕೆ ತಿಂದದ್ದೆಲ್ಲ ಔಷಧವಲ್ಲ

ನಾಯಿ ಗರಿಕೆ ಹುಲ್ಲು ಮೇದು ಕಕ್ಕುತ್ತದೆ, ತನ್ನ ಔಷಧ ತಾನೇ ಮಾಡಿಕೊಳ್ಳುತ್ತದೆ ಎಂಬುದು ಹಳೆಯ ಮಾತು. ನಾಯಿ ಹುಲ್ಲು ತಿನ್ನುವುದು ಮಾಮೂಲು, ಒಂದು ಸಲ ಕಕ್ಕಿ ಆಮೇಲೆ ಬಾಲ ಅಲ್ಲಾಡಿಸಿಕೊಂಡು ಊಟ ಮಾಡಿದರೆ ಯಾರೂ ಗಾಬರಿ ಬೀಳಬೇಕಾಗಿಲ್ಲ. ಮತ್ತೆ ಮತ್ತೆ ವಾಂತಿ, ನೀರು ಕುಡಿದದ್ದೂ ನಿಲ್ಲದು, ಊಟ ಮುಟ್ಟದು, ಹೊಟ್ಟೆ ಮುಟ್ಟಿದರೆ ಬಿಗಿ ಹಿಡಿಯುತ್ತದೆ ಅಥವಾ ಗುರ್ರೆನ್ನುತ್ತದೆ, ಹಿಂದಿನಿಂದ ಏನೂ ಬರುತ್ತಿಲ್ಲ ಅಂದರೆ ಅದು ಗರಿಕೆಯ ಕೇಸಲ್ಲ. ಸೌಮ್ಯ ನಾಯಿಯಾದರೆ, ಗೊತ್ತಿರುವವರು ತುಟಿ ಎತ್ತಿ ವಸಡು ನೋಡಬಹುದು. ವಸಡು ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅರ್ಥ. ಬೆಳ್ಳಗಾಗಿದ್ದರೆ ಆಟೋ ಕರೆಯಿರಿ, ಮಾತು ಬೇಡ.

ಇನ್ನೊಂದು ಸೂಕ್ಷ್ಮ ಇದೆ. ಹೊಟ್ಟೆ ಹಿಂಡಿ, ಉಬ್ಬಳಿಸಿ ಉಬ್ಬಳಿಸಿ ಬರುವುದು ವಾಂತಿ. ತಿಂದ ತಕ್ಷಣ, ಯಾವ ಕಷ್ಟವೂ ಇಲ್ಲದೆ, ತಿಂದದ್ದು ತಿಂದ ಹಾಗೇ ಬಾಯಿಂದ ಜಾರಿ ಬಿದ್ದರೆ ಅದು ವಾಂತಿಯಲ್ಲ. ಮೂಳೆಯಂಥದ್ದು ಹೊಟ್ಟೆಗೆ ಇಳಿಯದೆ ಅನ್ನನಾಳದಲ್ಲೇ ಸಿಕ್ಕಿಕೊಂಡಿರಬಹುದು. ಇದು ಇನ್ನೂ ಅವಸರದ ಕೇಸು. ಈ ವ್ಯತ್ಯಾಸ ಆಸ್ಪತ್ರೆಯ ಮೇಜಿನ ಮೇಲೆ ಕಾಣುವುದಿಲ್ಲ, ಅಲ್ಲಿ ನಾಯಿ ಹೆದರಿ ಸುಮ್ಮನೆ ಮಲಗಿರುತ್ತದೆ. ನಿಮ್ಮ ಅಂಗಡಿ ಮುಂದೆ ಕಾಣುತ್ತದೆ. ಜೇಬಲ್ಲಿ ಫೋನಿದೆಯಲ್ಲ, ಅರ್ಧ ನಿಮಿಷದ ವಿಡಿಯೋ ತೆಗೆದುಕೊಳ್ಳಿ. ಜಗಳ ಆದರೆ ಓಡಿ ಬಂದು ತೆಗೆಯುವುದಿಲ್ಲವೇ?

ದೊಡ್ಡ ಎದೆಯ ನಾಯಿ, ಉಬ್ಬಳಿಸುತ್ತದೆ ಆದರೆ ಏನೂ ಹೊರಬರುತ್ತಿಲ್ಲ, ಹೊಟ್ಟೆ ಮಾತ್ರ ತಮಟೆಯ ಹಾಗೆ ಊದುತ್ತಿದೆ ಅಂದರೆ ಹೊಟ್ಟೆ ತಿರುಚಿಕೊಂಡಿರಬಹುದು. ಅದು ಬೇರೆ ಕಾಯಿಲೆ, ಅಲ್ಲಿ ದಿನದ ಲೆಕ್ಕ ಇಲ್ಲ, ಗಂಟೆಯ ಲೆಕ್ಕ. ಮರಿ ನಾಯಿಗೆ ವಾಂತಿಯ ಜೊತೆ ರಕ್ತಭೇದಿ ಆದರೆ ಪಾರ್ವೋ ಎಂಬ ಅಂಟುರೋಗದ ಅನುಮಾನ. ವಾಂತಿಯೆಲ್ಲ ಕವರ್ ನುಂಗಿದ್ದೇ ಅಂತ ಹೇಳುತ್ತಿಲ್ಲ ನಾವು. ಯಾವುದು ಯಾವುದು ಅಂತ ಬೇರ್ಪಡಿಸುವುದಕ್ಕೇ ಡಾಕ್ಟರು ಇರುವುದು.

ಎಚ್ಚರ! ಕೈ ಹಾಕಬೇಡಿ

ಮುಂದೆ ಹೋಗುವ ಮೊದಲು ಒಂದು ಮಾತು. ಇದು ನಾಯಿಯ ಜೀವದ ಮಾತಲ್ಲ, ನಿಮ್ಮದು.

ನಾಯಿ ಬಾಯಿ ಬಿಟ್ಟುಕೊಂಡಿದೆ, ಕೆಳದವಡೆ ಜೋತುಬಿದ್ದಿದೆ, ಜೊಲ್ಲು ಸುರಿಯುತ್ತಿದೆ, ನೀರಿಗೆ ಬಾಯಿ ಹಾಕುತ್ತದೆ ಆದರೆ ನುಂಗಲಾಗುತ್ತಿಲ್ಲ. ನೋಡಿದವರು "ಅಯ್ಯೋ ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿದೆ" ಅಂತ ಬಾಯೊಳಗೆ ಕೈ ಹಾಕುತ್ತಾರೆ. ಮೂಳೆ ಇರಬಹುದು. ಆದರೆ ಹುಚ್ಚುನಾಯಿ ರೋಗದ ಒಂದು ರೂಪ ಇದೇ ರೀತಿ ಕಾಣುತ್ತದೆ! ಕಚ್ಚಲು ಅಟ್ಟಿಸಿಕೊಂಡು ಬರುವುದೊಂದೇ ರೇಬಿಸ್ ಅಲ್ಲ. ಮೂಲೆ ಹಿಡಿದು, ದವಡೆ ಬಿಟ್ಟು, ಸದ್ದು ಕೆಟ್ಟು ಮಲಗುವುದೂ ರೇಬಿಸ್ಸೇ. ಇನ್ನೂ ವಿಚಿತ್ರ ಕೇಳಿ: ಈ ರೋಗ ಬಂದ ನಾಯಿ ಕಲ್ಲು, ಕಟ್ಟಿಗೆ ಚೂರು, ಬಟ್ಟೆ ಚಿಂದಿ ಎಲ್ಲವನ್ನೂ ನುಂಗುವುದುಂಟು. ಅಂದರೆ "ಏನೋ ನುಂಗಿದೆ" ಎಂಬುದು ನಿಜವೇ ಆಗಿದ್ದು, ನುಂಗುವುದಕ್ಕೆ ಕಾರಣ ಮಾತ್ರ ಭಯಂಕರವಾಗಿರಬಹುದು. ಜೊಲ್ಲಿನಲ್ಲೇ ವೈರಸ್ ಇರುತ್ತದೆ. ಕೈಯಲ್ಲಿ ಚಿಕ್ಕ ಗೀರು ಇದ್ದರೂ ಸಾಕು. ಗುರುತಿಲ್ಲದ, ಲಸಿಕೆ ಆಗಿದೆಯೋ ಇಲ್ಲವೋ ತಿಳಿಯದ ನಾಯಿಯ ಬಾಯಿಗೆ ಕೈ, ಕಡ್ಡಿ, ಚಮಚ ಯಾವುದನ್ನೂ ಹಾಕಬೇಡಿ. ಹಾಕಿಬಿಟ್ಟಿದ್ದರೆ, ಕಚ್ಚಿದ್ದರೆ, ಪರಚಿದ್ದರೆ, ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಮನುಷ್ಯರ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿ. ರೋಗ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವ ಔಷಧಿ ಇಲ್ಲ.

ಬೀದಿ ವೈದ್ಯರ ಮದ್ದುಗಳು

ನಾಯಿ ಏನೋ ನುಂಗಿತು ಅಂದ ತಕ್ಷಣ ನಮ್ಮ ಬೀದಿಯಲ್ಲಿ ಪಾಸಾಗದ ಡಾಕ್ಟರುಗಳು ಎಷ್ಟು ಜನ ಹುಟ್ಟಿಕೊಳ್ಳುತ್ತಾರೆ ಅಂತೀರಿ!

ಮೊದಲನೆಯವರು ಉಪ್ಪುನೀರಿನವರು. ಒಂದು ಹಿಡಿ ಉಪ್ಪು ಕದಡಿ, ಬಾಯಿ ಬಿಡಿಸಿ ಹುಯ್ದುಬಿಡುವುದು. ವಾಂತಿ ಆದರೂ ಆಯಿತು, ಆಗದಿದ್ದರೆ ಆ ಉಪ್ಪೆಲ್ಲ ರಕ್ತಕ್ಕೆ ಹೋಗಿ ಮಿದುಳಿಗೆ ಏಟು ಬಿದ್ದು, ಫಿಟ್ಸ್ ಬಂದು ನಾಯಿ ಸತ್ತೇ ಹೋಗಬಹುದು. ಗಾಯಕ್ಕೆ ಹಾಕುವ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸುವವರೂ ಇದ್ದಾರೆ. ಅದು ಹೊಟ್ಟೆಯ ಒಳಪದರ ಸುಡುತ್ತದೆ. ವಾಂತಿ ಮಾಡಿಸಬೇಕಾದ ಕೇಸು ಇರುವುದು ನಿಜ. ನುಣುಪಾದ, ಚಿಕ್ಕ ವಸ್ತು, ನುಂಗಿ ಎರಡು ಮೂರು ಗಂಟೆ ಒಳಗೆ, ನಾಯಿ ಚುರುಕಾಗಿದ್ದರೆ ಡಾಕ್ಟರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ. ಅದಕ್ಕೇ "ಯಾವಾಗ ನುಂಗಿತು" ಎಂಬ ಪ್ರಶ್ನೆಗೆ ಅಷ್ಟು ಬೆಲೆ. ಸೂಜಿ, ಕಬಾಬ್ ಕಡ್ಡಿ, ಮೀನಿನ ಗಾಳ, ಸೆಲ್ಲು ಇಂಥದ್ದು ನುಂಗಿದ್ದರೆ ವಾಂತಿ ಮಾಡಿಸುವುದೇ ತಪ್ಪು. ಇಳಿಯುವಾಗ ಗೀರದೆ ಇಳಿದದ್ದು ಏರುವಾಗ ಗಂಟಲು ಸೀಳುತ್ತದೆ.

ಎರಡನೆಯವರು ಹರಳೆಣ್ಣೆ ಪಕ್ಷ. "ಕೆಳಗಿಂದ ಜಾರಿಸಿಬಿಡೋಣ." ದಾರಿ ಕಟ್ಟಿರುವಾಗ ಹಿಂದಿನಿಂದ ನೂಕಿದರೆ ಏನಾಗುತ್ತದೆ? ಗಾಂಧಿ ಬಜಾರಿನಲ್ಲಿ ಲಾರಿ ಅಡ್ಡ ನಿಂತಾಗ ಹಿಂದಿನ ಬಸ್ಸು ಹಾರನ್ ಹೊಡೆದು ನುಗ್ಗಿದ ಹಾಗೆ. ಮೆಡಿಕಲ್ ಸ್ಟೋರಿನಿಂದ ಮನುಷ್ಯರ ವಾಂತಿ ಮಾತ್ರೆ ತಂದು ಕೊಡುವುದೂ ಇದೇ ತರಹದ್ದು. ಕೆಲವು ಮಾತ್ರೆಗಳು ಹೊಟ್ಟೆಯನ್ನು ಇನ್ನೂ ಜೋರಾಗಿ ಹಿಂಡಿಸುತ್ತವೆ, ಉಳಿದವು ವಾಂತಿ ನಿಲ್ಲಿಸಿ ರೋಗ ಮುಚ್ಚಿಡುತ್ತವೆ. ನೋವಿಗೆ ಅಂತ ಐಬುಪ್ರೊಫೆನ್ ಕೊಟ್ಟರಂತೂ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಖಂಡಿತ ಅಂತಲೇ ತಿಳಿಯಿರಿ. ಮೆಡಿಕಲ್ ಸ್ಟೋರಿನ ಹುಡುಗರು ನಾಯಿಗೆ ಅಂದರೆ ಕೊಡಬಾರದು, ಕೊಡುತ್ತಾರೆ.

ಮೂರನೆಯದು ದಾರ ಎಳೆಯುವವರು. ನಾಯಿಯ ಹಿಂದಿನಿಂದ ದಾರವೋ ಟೇಪೋ ಪ್ಲಾಸ್ಟಿಕ್ ಎಳೆಯೋ ಜೋತಾಡುತ್ತಿದ್ದರೆ ಹಿಡಿದು ಎಳೆಯಬೇಕು ಅನ್ನಿಸುವುದು ಸಹಜ. ಎಳೆಯಬೇಡಿ! ದಾರದ ಇನ್ನೊಂದು ತುದಿ ಮೇಲೆ ಹೊಟ್ಟೆಯ ಹಿಂಬಾಗಿಲಿನಲ್ಲೋ ನಾಲಿಗೆ ಬುಡದಲ್ಲೋ ಸಿಕ್ಕಿಕೊಂಡಿರುತ್ತದೆ. ಲಂಗದ ಲಾಡಿ ಎಳೆದರೆ ನೆರಿಗೆ ಕೂಡುತ್ತದಲ್ಲ, ಹಾಗೆ ಕರುಳು ನೆರಿಗೆ ಕೂಡಿ, ಬಿಗಿದ ದಾರ ಅದನ್ನು ಕೊಯ್ಯುತ್ತದೆ. ತೀರಾ ಉದ್ದ ಇದ್ದರೆ ನೆಲಕ್ಕೆ ತಾಗದಷ್ಟು ಕತ್ತರಿಸಿ, ಹಾಗೇ ಬಿಟ್ಟು ಕರೆದುಕೊಂಡು ಹೋಗಿ.

ಇನ್ನು ಗಡಿಯಾರ, ಆಟದ ಸಾಮಾನಿನ ದುಂಡು ಸೆಲ್ಲು. ಮೊಬೈಲ್ ರಿಪೇರಿ, ವಾಚ್ ರಿಪೇರಿ ಅಂಗಡಿಯವರು ಇದನ್ನು ಗಮನಿಸಬೇಕು. ಅನ್ನನಾಳದಲ್ಲಿ ನಿಂತರೆ ಗಂಟೆಯೊಳಗೇ ಮಾಂಸ ಸುಡಲು ಶುರು. ನಾಳೆ ನೋಡೋಣ ಎಂಬ ಮಾತೇ ಇಲ್ಲ. ಜಿಂಕ್ ಲೇಪದ ನಟ್ಟು, ವಾಷರ್ ನುಂಗಿದರೆ ಅದು ಹೊಟ್ಟೆಯ ಆಮ್ಲದಲ್ಲಿ ಕರಗಿ ರಕ್ತಕಣ ಒಡೆಯುತ್ತದೆ, ನಾಯಿ ಕಾಮಾಲೆ ಬಂದವರ ಹಾಗೆ ಹಳದಿಯಾಗುತ್ತದೆ. ಗ್ಯಾರೇಜ್ ಸಾಲಿನ ನಾಯಿಗಳಿಗೆ ಇದು ಲಾಗೂ.

ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ!

ಬಸ್ ಸ್ಟ್ಯಾಂಡ್ ಹಿಂದಿನ ಒಂದು ಟೀ ಅಂಗಡಿಗೆ ಕರಿಯ ಅಂತ ಒಂದು ನಾಯಿ. ಮೂರು ದಿನ ವಾಂತಿ. ಅಂಗಡಿಯವರು ಒಳ್ಳೆಯವರು, ನಾವೂ ಜೊತೆಗಿದ್ದೆವು, ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿ ಹಾಕಿಕೊಂಡು ಹೋದದ್ದಾಯಿತು. ಎಕ್ಸ್‌ರೇ ತೆಗೆದರು. ಎಲುಬು ಕಂಡಿತು, ಗಾಳಿ ಕಂಡಿತು, ಬೇರೇನೂ ಇಲ್ಲ. "ಏನಾದರೂ ನುಂಗಿತ್ತಾ?" ಅಂತ ಡಾಕ್ಟರು ಕೇಳಿದರು. ಅಂಗಡಿಯವರು "ಇಲ್ಲ ಸಾರ್, ನಾವು ಅನ್ನ ಹಾಲು ಬಿಟ್ಟು ಬೇರೆ ಹಾಕೋದೇ ಇಲ್ಲ" ಅಂದರು. ಡ್ರಿಪ್ ಹಾಕಿಸಿ ವಾಪಸ್ಸು ಬಂದೆವು. ಬಂದು ಆಟೋ ಇಳಿಯುತ್ತಿದ್ದ ಹಾಗೆ ಲೋಟ ತೊಳೆಯುತ್ತಿದ್ದ ಅಣ್ಣ "ಭಾನುವಾರ ಕೋಳಿ ಕವರು ಇಡಿಯಾಗಿ ನುಂಗ್ತಲ್ಲ ಸಾರ್, ನಾನು ನೋಡ್ದೆ" ಅಂದ. ಮೊದಲೇ ಯಾಕಪ್ಪ ಹೇಳಲಿಲ್ಲ? "ನನ್ನನ್ನ ಯಾರು ಕೇಳಿದ್ರು?"

ಅವನದೇ ಸರಿ. ಅವನನ್ನು ಯಾರೂ ಕೇಳಿರಲಿಲ್ಲ.

ಎಕ್ಸ್‌ರೇಯ ಸ್ವಭಾವ ಅಂಗಡಿಯವರಿಗೆ ಗೊತ್ತಿರಬೇಕು. ಅದಕ್ಕೆ ಕಬ್ಬಿಣ, ಕಲ್ಲು, ನಾಣ್ಯ, ಮೂಳೆ ಚೆನ್ನಾಗಿ ಕಾಣುತ್ತದೆ. ಪ್ಲಾಸ್ಟಿಕ್ ಕವರ್, ಬಟ್ಟೆ, ಕಟ್ಟಿಗೆ ಕಡ್ಡಿ, ಜೋಳದ ದಿಂಡು ಅದಕ್ಕೆ ಸುಲಭಕ್ಕೆ ಸಿಗುವುದಿಲ್ಲ. ನುರಿತ ಡಾಕ್ಟರು ಆಗ ವಸ್ತುವನ್ನು ಹುಡುಕುವುದಿಲ್ಲ, ಅದರ ಸುತ್ತ ಗಾಳಿ ಹೇಗೆ ನಿಂತಿದೆ, ಕರುಳು ಎಲ್ಲಿ ಉಬ್ಬಿದೆ ಅಂತ ನೋಡುತ್ತಾರೆ. ಒಂದು ಫಿಲಂ ಸಾಲದು. ಪಕ್ಕಕ್ಕೆ ಮಲಗಿಸಿ ಒಂದು, ಅಂಗಾತ ಹಾಕಿ ಒಂದು ಬೇಕೇ ಬೇಕು. ಎಡ ಮಗ್ಗುಲಿಗೆ ಮಲಗಿಸಿದರೆ ಗಾಳಿ ಏರಿ ಹಿಂಬಾಗಿಲ ಹತ್ತಿರ ನಿಲ್ಲುತ್ತದೆ, ಅಲ್ಲಿ ಕೂತಿರುವ ವಸ್ತುವಿನ ಅಂಚು ಎದ್ದು ಕಾಣುತ್ತದೆ. ಹೊಟ್ಟೆಯ ಸ್ಕ್ಯಾನಿಂಗ್ ಇದ್ದರೆ ಇನ್ನೂ ವಾಸಿ. ಅದೂ ಇಲ್ಲದಿದ್ದರೆ ಬೇರಿಯಂ ಎಂಬ ಬಿಳಿ ಗಂಜಿ ಕುಡಿಸಿ ಮತ್ತೆ ಮತ್ತೆ ಫಿಲಂ ತೆಗೆದು, ಗಂಜಿ ಎಲ್ಲಿ ನಿಲ್ಲುತ್ತದೆ ಅಂತ ನೋಡುವುದುಂಟು. ಕರುಳು ತೂತಾಗಿರುವ ಅನುಮಾನ ಇದ್ದರೆ ಬೇರಿಯಂ ಕೊಡುವ ಹಾಗಿಲ್ಲ.

ಹಾಗಾಗಿ "ಎಕ್ಸ್‌ರೇಯಲ್ಲಿ ಏನೂ ಇಲ್ಲ" ಅಂದರೆ "ಹೊಟ್ಟೆಯಲ್ಲಿ ಏನೂ ಇಲ್ಲ" ಅಂತ ಅರ್ಥವಲ್ಲ. ಲೋಟ ತೊಳೆಯುವ ಅಣ್ಣನ ಒಂದು ಮಾತು ಎರಡು ಫಿಲಂಗಿಂತ ಹೆಚ್ಚು ಹೇಳಿತು. ಮಾರನೇ ದಿನ ಅವನನ್ನೂ ಕರೆದುಕೊಂಡು ಹೋದೆವು, ಸ್ಕ್ಯಾನಿಂಗ್ ಆಯಿತು, ಹೊಟ್ಟೆ ಕೊಯ್ದು ಕವರು ತೆಗೆದರು. ಈಗ ಕರಿಯ ಅದೇ ಕಟ್ಟೆ ಕೆಳಗೆ ಮಲಗುತ್ತದೆ. ಕೋಳಿ ಅಂಗಡಿ ಕಡೆ ಹೋಗುವುದನ್ನು ಬಿಟ್ಟಿದೆಯೇ ಅಂದರೆ, ಇಲ್ಲ!

ಇನ್ನೊಂದು ಉಪಾಯ ಹೊಳೆಯುತ್ತದೆ. ಈಗ ಸಣ್ಣ ಬೀಡಾ ಅಂಗಡಿಗೂ ಸಿ.ಸಿ. ಕ್ಯಾಮೆರಾ ಬಂದಿದೆ. ಕಳ್ಳನನ್ನು ಹಿಡಿಯಲು ಹಾಕಿಸಿದ್ದು. ನಾಯಿ ಯಾವ ಹೊತ್ತಿಗೆ ಯಾವ ಪೊಟ್ಟಣಕ್ಕೆ ಬಾಯಿ ಹಾಕಿತು ಅಂತ ಅದನ್ನೇ ಹಿಂದಕ್ಕೆ ಓಡಿಸಿ ನೋಡಬಹುದಲ್ಲ?

ಕೊಯ್ಯಬೇಕೇ, ಕಾಯಬೇಕೇ?

ನುಂಗಿದ್ದಕ್ಕೆಲ್ಲ ಕತ್ತಿ ಬೇಕಿಲ್ಲ. ದೊಡ್ಡ ನಾಯಿ, ಚಿಕ್ಕ ನುಣುಪು ವಸ್ತು, ವಾಂತಿಯಿಲ್ಲ, ಊಟ ಮಾಡುತ್ತಿದೆ ಅಂದರೆ ಡಾಕ್ಟರೇ "ಎರಡು ಮೂರು ದಿನ ನೋಡೋಣ" ಅನ್ನುತ್ತಾರೆ. ಆಗ ನಾಯಿಯನ್ನು ಕಟ್ಟಿಹಾಕಿ, ಅದರ ಕಕ್ಕಸ್ಸನ್ನು ಕಡ್ಡಿಯಿಂದ ಕೆದಕಿ ನೋಡಬೇಕು. ಹೇಸಿಗೆ ನಿಜ, ಬೇರೆ ದಾರಿಯಿಲ್ಲ. ಮತ್ತೆ ಫಿಲಂ ತೆಗೆಸಿದಾಗ ವಸ್ತು ಜಾಗ ಬಿಟ್ಟು ಕದಲಿಲ್ಲ ಅಂದರೆ, ವಾಂತಿ ಶುರುವಾದರೆ, ಕಾಯುವುದು ನಿಂತಿತು.

ದೊಡ್ಡ ಊರುಗಳಲ್ಲಿ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ, ಅದರ ತುದಿಯ ಚಿಮಟದಲ್ಲಿ ಹಿಡಿದು ಹೊರಗೆ ತೆಗೆಯುತ್ತಾರೆ, ಹೊಟ್ಟೆ ಕೊಯ್ಯುವ ಹಾಗಿಲ್ಲ. ನಮ್ಮಂಥ ಊರಿಗೆ ಆಪರೇಷನ್ನೇ ಗತಿ. ಹೆದರಬೇಕಾಗಿಲ್ಲ, ವಸ್ತು ಹೊಟ್ಟೆಯಲ್ಲೇ ಇದ್ದಾಗ, ಬೇಗ ತಂದಾಗ, ನಾಯಿಗಳು ಸಾಮಾನ್ಯವಾಗಿ ಚೆನ್ನಾಗಿ ಚೇತರಿಸಿಕೊಳ್ಳುತ್ತವೆ. ಮೊದಲು ಡ್ರಿಪ್ ಹಾಕಿ ನೀರು, ಲವಣ ಸರಿ ಮಾಡುತ್ತಾರೆ, ಆಮೇಲೆ ಮತ್ತು ಕೊಟ್ಟು ಕೊಯ್ಯುತ್ತಾರೆ. ಕರುಳು ಕೊಯ್ಯಬೇಕಾಗಿ ಬಂದರೆ ಮೂರರಿಂದ ಐದನೇ ದಿನದವರೆಗೆ ಹೊಲಿಗೆ ಸೋರುವ ಭಯ. ತಡ ಮಾಡಿದ್ದಕ್ಕೆ ಬೀಳುವ ಬಡ್ಡಿ ಅದೇ.

ಕರೆದುಕೊಂಡು ಹೋಗುವಾಗ ವಾಂತಿ ಮಾಡುವ ನಾಯಿಯ ಬಾಯಿ ಹಗ್ಗದಿಂದ ಬಿಗಿಯಬೇಡಿ. ವಾಂತಿ ಶ್ವಾಸಕೋಶಕ್ಕೆ ಹೋಗುತ್ತದೆ. ಕಂಬಳಿಯಲ್ಲಿ ಸುತ್ತಿ, ಕುತ್ತಿಗೆಯ ಹಿಂದೆ ಹಿಡಿಯಿರಿ. ಅನ್ನ ಹಾಲು ಏನೂ ಕೊಡದೆ ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯಿರಿ. ಕಕ್ಕಿದ್ದನ್ನು ಒಂದು ಡಬ್ಬಿಯಲ್ಲಿ, ನುಂಗಿದ್ದರ ಜೋಡಿ ಸಿಕ್ಕರೆ ಅದನ್ನೂ ತೆಗೆದುಕೊಂಡು ಹೋಗಿ. ಚೆಂಡು ನುಂಗಿದ್ದರೆ ಅಂಥದೇ ಇನ್ನೊಂದು ಚೆಂಡು.

ಸಹಿ ಯಾರದು?

ಇಲ್ಲಿಗೆ ಬಂದು ಬಂಡಿ ನಿಲ್ಲುತ್ತದೆ. ಆಪರೇಷನ್ನಿಗೆ ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. "ನಾಯಿ ಯಾರದು?" ಅಂತ ಕೇಳಿದರೆ ಇಡೀ ಬೀದಿ ಮೌನ. ಬಿಸ್ಕತ್ತು ಹಾಕುವಾಗ ಎಲ್ಲರದು, ಸಹಿ ಹಾಕುವಾಗ ಯಾರದೂ ಅಲ್ಲ! 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಯನ್ನು ಸಮುದಾಯ ಪ್ರಾಣಿ ಅಂತ ಕರೆದಿವೆ. ಹೆಸರೇನೋ ಚೆನ್ನಾಗಿದೆ. ಸಮುದಾಯದ ಹೆಬ್ಬೆಟ್ಟು ಯಾವುದು ಸ್ವಾಮಿ? ಬೀದಿನಾಯಿ ಬೀದಿಯಲ್ಲಿರಬೇಕೇ ಬೇಡವೇ ಎಂಬ ವ್ಯಾಜ್ಯ 2025ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಬಸ್ ನಿಲ್ದಾಣದಂಥ ಜಾಗದಿಂದ ತೆಗೆಯಿರಿ ಅಂತ ಆ ವರ್ಷ ನವೆಂಬರಿನಲ್ಲಿ ಆದೇಶವೂ ಆಯಿತು. ಆ ವಾದ ಈ ಅಂಕಣದ್ದಲ್ಲ. ಶೆಡ್ಡಿನಲ್ಲಿಟ್ಟರೂ ಬೀದಿಯಲ್ಲಿಟ್ಟರೂ ಹೊಟ್ಟೆಗೆ ಕವರು ಸೇರಿದ ನಾಯಿಗೆ ಯಾರೋ ಒಬ್ಬರು ಹೊಣೆ ಇರಬೇಕು.

ಆಪರೇಷನ್ ಆದ ಮೇಲಿನ ಪಾಡು ಇನ್ನೂ ದೊಡ್ಡದು. ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ನಾಯಿ ಗಾಯ ನೆಕ್ಕಬಾರದು, ಓಡಬಾರದು, ಕಸದ ತೊಟ್ಟಿಗೆ ಬಾಯಿ ಹಾಕಬಾರದು. ಮೆತ್ತನೆ ಅನ್ನ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕು ಸಲ ಹಾಕಬೇಕು. ಬೀದಿಗೆ ಬಿಟ್ಟರೆ ಕೊಯ್ದದ್ದು ನೀರಿನಲ್ಲಿ ಹೋಮ. ಎಷ್ಟೋ ಡಾಕ್ಟರು ಬೀದಿನಾಯಿ ಕೇಸು ಮುಟ್ಟಲು ಹಿಂದೆಗೆಯುವುದು ಇದಕ್ಕೇ, ಅವರನ್ನು ಬೈದು ಫಲವಿಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಒಂದೊಂದು ಅಂಗಡಿ ಸಾಲಿಗೆ ಒಬ್ಬ ವರ್ತಕರು ತಮ್ಮ ಸಾಲಿನ ನಾಯಿಗಳಿಗೆ ತಾವೇ ಹೊಣೆ ಅಂತ ಹೆಸರು ಕೊಡಲಿ, ಖರ್ಚಿಗೆ ಸಾಲಿನವರು ಗಣೇಶನ ಚಂದಾ ಎತ್ತುವ ಹಾಗೆ ಎತ್ತಲಿ. ನಗರಸಭೆ ತನ್ನ ಸಂತಾನಹರಣ ಶಸ್ತ್ರಚಿಕಿತ್ಸೆ ಕೇಂದ್ರದ ಗೂಡುಗಳಲ್ಲಿ ಎರಡನ್ನು ಇಂಥ ನಾಯಿಗಳಿಗೆ ಮೀಸಲಿಡಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆ ಬೇಡ. ಅದಕ್ಕೇ ಆಗಲಿಕ್ಕಿಲ್ಲ ಅಂತ ನಮ್ಮ ಭಯ!

ಪಶು ಇಲಾಖೆಗೂ ಒಂದು ಮಾತು. 1962 ನಂಬರಿಗೆ ಫೋನ್ ಮಾಡಿದರೆ ದನಕರುಗಳ ಹತ್ತಿರಕ್ಕೇ ವ್ಯಾನು ಬರುವ ಏರ್ಪಾಡು ಒಳ್ಳೆಯದು. ಆದರೆ ನಾಯಿ ಕವರು ನುಂಗುವುದು ಕಚೇರಿ ವೇಳೆ ನೋಡಿಕೊಂಡಲ್ಲ, ಕಬಾಬ್ ಗಾಡಿಗಳು ನಿಲ್ಲುವ ರಾತ್ರಿ ಹೊತ್ತಿನಲ್ಲಿ. ಎಕ್ಸ್‌ರೇ ಎಷ್ಟು ಹೊತ್ತಿನವರೆಗೆ, ಯಾವ ದಿನ ಇಲ್ಲ, ಇಲ್ಲದ ದಿನ ಎಲ್ಲಿಗೆ ಹೋಗಬೇಕು ಎಂಬುದನ್ನು ಪ್ರತಿ ಪಶು ಆಸ್ಪತ್ರೆಯ ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಲಿ. ಒಳಗೆ ಹೋಗಿ ಮೂರು ಬಾಗಿಲು ತಟ್ಟಿ ತಿಳಿಯುವಷ್ಟು ವ್ಯವಧಾನ ನಾಯಿಗೆ ಇರುವುದಿಲ್ಲ.

ಕವರಿನ ಮಾತಿಗೆ ಬಂದರೆ, ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾದದ್ದು 2016ರ ಮಾರ್ಚಿನಲ್ಲಿ. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ಸಾಮಾನುಗಳಿಗೆ ಇಡೀ ದೇಶದಲ್ಲಿ ನಿಷೇಧ ಬಂದದ್ದು 2022ರ ಜುಲೈ 1ಕ್ಕೆ. ಸಂಜೆ ಮಾರ್ಕೆಟ್ಟಿನಲ್ಲಿ ಒಂದು ಸುತ್ತು ಹಾಕಿ ಬನ್ನಿ, ನಿಷೇಧ ಎಲ್ಲಿದೆ ಅಂತ ಹುಡುಕಿ ತೋರಿಸಿದವರಿಗೆ ನಾವು ಒಂದು ಕಾಫಿ ಕೊಡಿಸುತ್ತೇವೆ. ಕೋಳಿ ಅಂಗಡಿಯವರು ಗಿರಾಕಿಗೆ ಡಬ್ಬಿ ತನ್ನಿ ಅಂತ ಹೇಳಲಿ, ತಂದವರಿಗೆ ಎರಡು ರೂಪಾಯಿ ಬಿಡಲಿ. ಹೋಟೆಲಿನವರು ಮಿಕ್ಕ ಅನ್ನವನ್ನು ಕವರಿನಲ್ಲಿ ಗಂಟು ಹಾಕಿ ಎಸೆಯುವ ಬದಲು ಬಿಚ್ಚಿ ಬಾಳೆ ಎಲೆ ಮೇಲೆ ಹಾಕಲಿ. ಬಸ್ಸಿನವರು ಪೊಟ್ಟಣವನ್ನು ಇಳಿಯುವ ಸ್ಟಾಪಿನವರೆಗೆ ಮಡಿಲಲ್ಲೇ ಇಟ್ಟುಕೊಂಡರೆ ಏನೂ ಮೈಲಿಗೆಯಾಗದು. ಕಬಾಬ್ ಗಾಡಿಯವರು ಕಡ್ಡಿ ಹಾಕಲು ಹಳೇ ಎಣ್ಣೆ ಡಬ್ಬ ಒಂದನ್ನು ಗಾಡಿಗೆ ತೂಗುಹಾಕಲಿ, ನಾಯಿ ಮೂತಿಗೆ ಎಟುಕದಷ್ಟು ಎತ್ತರದಲ್ಲಿ.